ಹಂಚು ಸರಿಸಿ ನೋಡಿದ ಹದ್ದು

ನನ್ನ ಕ್ಯಾಮೆರಾದೊಳಗೆ ಫಿಲ್ಮ್ ಇಲ್ಲದೆ ಬಹಳ ಕಾಲವಾಯಿತು. ಈ ಯುದ್ಧದ ದಿನಗಳಲ್ಲಿ ಅಕ್ಕಿಗೆ, ಸೀಮೆಎಣ್ಣೆಗೆ ಸಾಲಿನಲ್ಲಿ ನಿಲ್ಲಬೇಕು. ಹಕ್ಕಿಯ ಫೋಟೋ ತೆಗೆಯಲಿಕ್ಕೆ ಒಂದು ಸುರುಳಿ ಕೊಡಿ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ. ಆದರೂ ಬೆಳಗಿನ ಒಲೆಯ ಕೆಲಸ ಒಂದು ಹದಕ್ಕೆ ಬಂದ ಮೇಲೆ ನಾನು ಆ ಖಾಲಿ ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡು ಹೊರಡುತ್ತೇನೆ. ಗದ್ದೆಯ ಬದುವಿನಲ್ಲಿ ಕೂರುತ್ತೇನೆ. ಕೊಕ್ಕರೆಯೋ ಮಿಂಚುಳ್ಳಿಯೋ ಬಂದು ಕೂತರೆ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತೇನೆ. ಟಕ್ ಎನ್ನುತ್ತದೆ. ಅಷ್ಟೇ. ಎದ್ದು ಸೀರೆಯ ಹುಲ್ಲು ಕೊಡವಿಕೊಂಡು ಮನೆಗೆ ಬರುತ್ತೇನೆ.

ಮೊನ್ನೆ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ನಿಲ್ಲಿಸಿ ಕೇಳಿದರು.

"ಎಂತ ಗಿರಿಜಮ್ಮ, ಅದರಲ್ಲಿ ಫಿಲ್ಮ್ ಉಂಟಾ?"

"ಇಲ್ಲ."

"ಮತ್ತೆ ಎಂತಕ್ಕೆ ಒತ್ತುವುದು ಮಾರಾಯ್ತಿ?"

"ನೀವು ದಿನಾ ದೇವರ ಎದುರು ಗಂಟೆ ಆಡಿಸ್ತೀರಲ್ಲ. ಅದರಿಂದ ಎಂತ ಬರ್ತದೆ ಅಂತ ನಾನು ಕೇಳಿದ್ದುಂಟಾ?"

ಅವರು ಮಾತು ಬಿಟ್ಟರು. ಆಮೇಲೆ ಮೊಸರಿಗೆ ಹೆಪ್ಪು ಬೇಕಾದಾಗ ತಾವಾಗಿಯೇ ಬಂದರು. ನನಗೆ ನಾಲಗೆ ಸ್ವಲ್ಪ ಉದ್ದ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡಿ, ಬರೀ ಪರಿಚಯ. ಮುಂದೆ ನಾನು ಹೇಳುವುದನ್ನು ಕೇಳಿ ನೀವೂ ಮಾತು ಬಿಡುವುದಾದರೆ ಬಿಡಬಹುದು.

ಈ ಪೆಟ್ಟಿಗೆ ಮನೆಗೆ ಬಂದದ್ದು ಹಕ್ಕಿಗಳಿಗಾಗಿ ಅಲ್ಲ. ಇವರು, ಅಂದರೆ ನನ್ನ ಗಂಡ, ಆಗ ಮುಂಬಯಿಯಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದರು. ನಾನು ತವರಿನಲ್ಲೇ ಇದ್ದೆ. ನಮ್ಮದು ಅಳಿಯಸಂತಾನದ ಮನೆ. ಮನೆ, ಗದ್ದೆ, ತೆಂಗು ಎಲ್ಲ ತಾಯಿಯಿಂದ ಮಗಳಿಗೆ ಇಳಿದು ಬರುವುದು. ನೋಡಿಕೊಳ್ಳುವವನು ಮಾತ್ರ ಸೋದರಮಾವ. ನಮ್ಮ ಮಾವ ಅಮ್ಮನಿಗಿಂತ ಪ್ರಾಯದಲ್ಲಿ ಚಿಕ್ಕವರು, ಧ್ವನಿಯಲ್ಲಿ ದೊಡ್ಡವರು. ಅವರು ಚಾವಡಿಯಲ್ಲಿ ಕೆಮ್ಮಿದರೆ ಅಡಿಗೆಮನೆಯಲ್ಲಿ ಒಗ್ಗರಣೆಯ ಸೌಟು ನಿಲ್ಲುತ್ತಿತ್ತು. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ; ಮಾವನ ಬೈಗುಳಗಳು ಮಾತ್ರ ಕನ್ನಡಕ್ಕೆ ಬರಲು ಒಪ್ಪುವುದಿಲ್ಲ, ಬಿಟ್ಟಿದ್ದೇನೆ.

ಮಗ ಹುಟ್ಟಿದ ಸುದ್ದಿ ಕೇಳಿ ಇವರು ಮುಂಬಯಿಯಲ್ಲೇ ಕ್ಯಾಮೆರಾ ಕೊಂಡರು. ಹಾರ್ಮೋನಿಯಂ ತಿದಿಯ ಹಾಗೆ ಮಡಚಿ ಬಿಚ್ಚುವ ಕ್ಯಾಮೆರಾ. ಮಳೆಗಾಲದಲ್ಲಿ ಕರಾವಳಿಯ ಉಗಿಹಡಗು ಓಡುವುದಿಲ್ಲ, ರೈಲಿನಲ್ಲಿ ಮದರಾಸು ಸುತ್ತಿ ಬರುವಷ್ಟು ರಜೆ ಸಿಗುವುದಿಲ್ಲ. ಮಳೆ ಬಿಟ್ಟ ಮೇಲೆ ಮೊದಲ ಹಡಗಿಗೆ ಬಂದು ಮಗನ ಫೋಟೋ ತೆಗೆಯುವುದೆಂದು ಅವರ ಲೆಕ್ಕ. ಆಟಿ ತಿಂಗಳ ಜಡಿಮಳೆಯಲ್ಲಿ ಮಗುವಿಗೆ ಜ್ವರ ಬಂತು. ಡಾಕ್ಟರು ಬಂದರು, ಔಷಧ ಕೊಟ್ಟರು. ಮಾವ ಅವನನ್ನು ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲಿ ಅತ್ತಿಂದಿತ್ತ ನಡೆದೇ ನಡೆದರು. ಜ್ವರ ಇಳಿಯಲಿಲ್ಲ. ಮಗು ಹೋಯಿತು.

ಇವರು ಬಂದರಿನಲ್ಲಿ ಇಳಿದಾಗ ಕೊರಳಲ್ಲಿ ಆ ಚರ್ಮದ ಚೀಲ ನೇತಾಡುತ್ತಿತ್ತು. ಸಾವಿನ ತಂತಿ ಬರುವ ಮೊದಲೇ ಫಿಲ್ಮ್ ತುಂಬಿಸಿ ಇಟ್ಟಿದ್ದರಂತೆ, ಆಮೇಲೆ ಅದನ್ನು ತೆಗೆಯಲು ಕೈ ಬರಲಿಲ್ಲವಂತೆ. ರಜೆ ಮುಗಿದು ಹೊರಡುವಾಗ ಅದನ್ನು ನನ್ನ ಕೈಗೆ ಕೊಟ್ಟು, "ಇಲ್ಲೇ ಇರಲಿ. ಅಲ್ಲಿ ಕೊಂಡುಹೋಗಿ ನಾನು ಎಂತ ಮಾಡುವುದು?" ಎಂದರು. ನಾನು ಕಪಾಟಿನ ಕೆಳಗಿನ ಗೂಡಿಗೆ ತಳ್ಳಿ ಬಾಗಿಲು ಹಾಕಿದೆ.

ದೀಪಾವಳಿ ಕಳೆದ ಮೇಲೆ ಮಾವ ಪ್ರಶ್ನೆ ಇರಿಸಿದರು. ಜೋಯಿಸರು ಮಣೆಯ ಮೇಲೆ ಕವಡೆ ಹಾಕಿ, ಮನೆಗೆ ಬಂದ ಕಷ್ಟಕ್ಕೆ ಮೂಲ ಯಾವುದೆಂದು ನೋಡಿ ಹೇಳುವ ಕ್ರಮ ಅದು. ಜೋಯಿಸರು ಸುಮಾರು ಹೊತ್ತು ಕವಡೆ ಸರಿಸಿ, ಕಣ್ಣು ಮುಚ್ಚಿ ಹೇಳಿದರು: "ನಾಗನ ಸಾನ್ನಿಧ್ಯದಲ್ಲಿ ಹಾವಿನ ಎಲುಬು ಬೀಳ್ತಾ ಉಂಟು. ದೋಷ ಸಂತಾನಕ್ಕೆ ತಟ್ಟಿದೆ."

ಎಲ್ಲರಿಗೂ ಒಂದೇ ಸಲ ಅರ್ಥವಾಯಿತು. ಮಣ್ಣಗುಡ್ಡದಿಂದ ಉರ್ವದ ಕಡೆಗಿನ ಇಳಿಜಾರಿನಲ್ಲಿ ನಮ್ಮ ಮನೆ. ಮನೆಯಿಂದ ಕೆಳಗೆ ನಾಗಬನ, ಬನದ ಬೇಲಿಗೆ ತಾಗಿಕೊಂಡು ಒಂದು ಮುದಿ ಕಾಟುಮಾವಿನ ಮರ. ಅದರ ದೊಡ್ಡ ಕವಲಿನಲ್ಲಿ ಕಡಲ ಹದ್ದಿನ ಗೂಡು. ಬಿಳಿ ತಲೆ, ಬಿಳಿ ಹೊಟ್ಟೆ, ಬೂದಿ ಬಣ್ಣದ ರೆಕ್ಕೆ. ರೆಕ್ಕೆ ಬಿಚ್ಚಿದರೆ ಮೇಲಿನಿಂದ ಯಾರೋ ಪಂಚೆ ಒಣಗಲು ಹಾಕಿದ ಹಾಗೆ. ಅಂಥ ಜೋಡಿ ಪ್ರತಿವರ್ಷ ಮಳೆ ಬಿಟ್ಟ ಮೇಲೆ ಬಂದು ಅದೇ ಗೂಡಿಗೆ ಇನ್ನಷ್ಟು ಕಡ್ಡಿ ಸೇರಿಸುತ್ತಿತ್ತು. ಕಡಲಿನಿಂದ ಮೀನು ತರುತ್ತಿತ್ತು. ಮೀನಿಗಿಂತ ಹೆಚ್ಚು ಕಡಲ ಹಾವು ತರುತ್ತಿತ್ತು. ತಿಂದು ಉಳಿದ ಎಲುಬು ನೇರ ನಾಗನ ಕಲ್ಲಿನ ಮೇಲೆ ಬೀಳುತ್ತಿತ್ತು.

ನಮ್ಮೂರಿನಲ್ಲಿ ಸತ್ತ ನಾಗರಹಾವು ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಬೇಕು. ಅಮ್ಮನಿಗೆ ಅಲ್ಲಿ ಸಂಶಯ ಬಂತು. "ನಾಗರಹಾವಾದರೆ ಸರಿ. ಇದು ಮೀನಿನ ಬಲೆಗೆ ಬೀಳುವ ಹಾವು. ಇದಕ್ಕೂ ಉಂಟಾ?"

ಜೋಯಿಸರು ಯೋಚಿಸಿ, "ಹಾವು ಹಾವೇ" ಎಂದರು.

ನಾನು ಬಾಗಿಲ ಸಂದಿಯಿಂದ ಹೇಳಿದೆ: "ಹಾಗಾದರೆ ಬಲೆ ಹಾಕುವವರ ಮನೆಯಲ್ಲಿ ಒಂದು ಮಗುವೂ ಉಳಿಯಬಾರದಿತ್ತು. ಆ ಹಕ್ಕಿ ನಾನು ಹುಟ್ಟುವಾಗಲೂ ಅಲ್ಲೇ ಇತ್ತು. ಮಾವ ಹುಟ್ಟುವಾಗಲೂ ಇತ್ತು. ಆಗ ದೋಷ ಎಲ್ಲಿಗೆ ಹೋಗಿತ್ತು?"

ಮಾವ ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಹಂಚು ಹಾರುವಂತೆ ಬೈಯುತ್ತಿದ್ದರು. ಮಗು ಹೋದವಳೆಂದು ಮತ್ತೆ ಜೋಯಿಸರ ಕಡೆಗೇ ತಿರುಗಿ ಕೂತರು.

ಹದ್ದನ್ನು ಕೊಲ್ಲುವಂತಿಲ್ಲ, ಅದು ಗರುಡನ ಕುಲದ್ದು ಎಂದರು ಜೋಯಿಸರು. ವಾಸ ತಪ್ಪಿಸಿದರೆ ಸಾಕು. ಅಂದರೆ ಮರ ಕಡಿಯುವುದು, ಆಮೇಲೆ ನಾನೂ ಇವರೂ ಕೂತು ನಾಗನಿಗೆ ಶಾಂತಿ ಮಾಡಿಸುವುದು. ಬನದೊಳಗಿನ ಮರಕ್ಕೆ ಕೊಡಲಿ ಇಡುವಂತಿಲ್ಲವಲ್ಲ? ಅದಕ್ಕೂ ದಾರಿಯಿತ್ತು. ಮಾವ ಹಗ್ಗ ಹಿಡಿದು ಅಳೆದು, ಮರದ ಬುಡ ಬೇಲಿಯಿಂದ ಹೊರಗಿದೆಯೆಂದು ತೀರ್ಮಾನಿಸಿದರು.

ಎಲ್ಲರೆದುರು ವಾದ ಮಾಡಿದೆನೇ ಹೊರತು, ನಿಜ ಹೇಳುತ್ತೇನೆ, ಆ ಮಾತು ನನ್ನೊಳಗೆ ಇಳಿದುಬಿಟ್ಟಿತ್ತು. ಮಗು ಸತ್ತ ಮೇಲೆ ತಾಯಿಯ ಮನಸ್ಸು ಎಲ್ಲ ಬಾಗಿಲು ತೆರೆದಿಟ್ಟ ಮನೆಯ ಹಾಗೆ. ಯಾರು ಏನು ಹೇಳಿದರೂ ಒಳಗೆ ಬಂದು ಕೂರುತ್ತದೆ. ಅಂಗಳ ಗುಡಿಸುವಾಗ ಆ ಹಕ್ಕಿಯ ಕೂಗು ಕೇಳಿದರೆ ಕೈ ನಿಲ್ಲುತ್ತಿತ್ತು. ಒಂದು ದಿನ ತೀರ್ಮಾನಿಸಿದೆ: ನನ್ನ ಮಗುವನ್ನು ತಿಂದದ್ದು ಇದೇ ಎಂದಾದರೆ ಅದರ ಮುಖವನ್ನು ಒಮ್ಮೆ ಸರಿಯಾಗಿ ನೋಡಿಬಿಡಬೇಕು.

ಹಕ್ಕಿಯ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮಾವನ ಹತ್ತಿರ ಬೆಡಿ ಇತ್ತು. ಬೆಡಿ ಎಂದರೆ ಬಂದೂಕು. ಚಿಕ್ಕವಳಿದ್ದಾಗ ಮಾವ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ಅಳಿವೆಗೆ ಬಾತು ಹೊಡೆಯಲು ಹೋಗುತ್ತಿದ್ದರು. ಚೀಲ ಹೊರುವುದು ನನ್ನ ಕೆಲಸ. ಸತ್ತ ಹಕ್ಕಿ ಹೂವಿನಷ್ಟು ಹಗುರ ಎಂದೆಲ್ಲ ಹೇಳುವವರು ಚೀಲ ಹೊತ್ತವರಲ್ಲ. ಹೆಗಲು ಬಿದ್ದುಹೋಗುತ್ತದೆ. ಬಿಸಿ ಬೇರೆ, ಬೆನ್ನಿಗೆ ತಾಗಿಕೊಂಡು. ಮನೆಗೆ ಬಂದು ಅಮ್ಮ ಗಸಿ ಮಾಡಿದರೆ ನಾನೇ ಎರಡು ಸಲ ಬಡಿಸಿಕೊಳ್ಳುತ್ತಿದ್ದೆ, ಕನಿಕರ ಎಂಬುದು ಹತ್ತಿರ ಸುಳಿಯುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಹಕ್ಕಿ ಎಂದರೆ ದೂರದಲ್ಲಿ ಒಂದು ಚುಕ್ಕೆ, ಆಮೇಲೆ ಒಂದು ಶಬ್ದ, ಆಮೇಲೆ ಚೀಲ. ನಡುವೆ ಅದು ಏನು ಮಾಡಿಕೊಂಡಿರುತ್ತದೆ ಎಂದು ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ನಮ್ಮ ಮನೆ ಎತ್ತರದಲ್ಲಿ, ಮರ ತಗ್ಗಿನಲ್ಲಿ ಇದ್ದುದರಿಂದ ಅಟ್ಟಕ್ಕೆ ಹತ್ತಿದರೆ ಗೂಡು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಆದರೆ ಅಟ್ಟಕ್ಕೆ ಆ ಕಡೆ ಕಿಟಕಿಯಿಲ್ಲ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಹೊತ್ತಿನಲ್ಲಿ ನಾನು ಏಣಿ ಹತ್ತಿದೆ. ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸೌತೆಕಾಯಿಗಳು ಒಂದೊಂದಾಗಿ ಹಣೆಗೆ ಬಡಿದವು. ಕತ್ತಲಲ್ಲಿ ತಡಕಿ ಎರಡು ಹಂಚು ಸರಿಸಿದೆ. ಬೆಳಕು ಒಳಗೆ ಬಿತ್ತು. ಎದುರಿಗೇ ಗೂಡು.

ಕ್ಯಾಮೆರಾವನ್ನೂ ತಂದಿದ್ದೆ. ಯಾಕೆ ತಂದೆ ಎಂದರೆ ಇವತ್ತಿಗೂ ಉತ್ತರವಿಲ್ಲ. ಅಪರಾಧಿಯ ಚಿತ್ರ ಇರಲಿ ಎಂದಿರಬಹುದು. ಅಥವಾ ಆ ಫಿಲ್ಮ್ ಹಾಗೆಯೇ ಕಪಾಟಿನಲ್ಲಿ ಕೊಳೆಯುವುದನ್ನು ಸಹಿಸಲಾಗದೆ ಇರಬಹುದು.

ಮೊದಲ ದಿನ ಗೂಡಿನಲ್ಲಿ ಕೂತ ಹಕ್ಕಿಯ ಬೆನ್ನು ಮಾತ್ರ ಕಂಡಿತು. ಮರುದಿನ ಮತ್ತೆ ಹತ್ತಿದೆ. ಅದರ ಮರುದಿನವೂ. ಮನೆಯವರು ನಾನು ಮೂಲೆಯಲ್ಲಿ ಕೂತು ಅಳಲು ಹೋಗುತ್ತೇನೆಂದು ತಿಳಿದು ಕೇಳಲು ಬರಲಿಲ್ಲ; ದುಃಖಕ್ಕೆ ಅಷ್ಟೊಂದು ಉಪಯೋಗವಾದರೂ ಇದೆ. ಅಟ್ಟದಲ್ಲಿ ಕಾದ ಹಂಚಿನ ಕೆಳಗೆ ಬೆವರು ಇಳಿಯುತ್ತಿತ್ತು. ಕಾಲು ಜೋಮು ಹಿಡಿಯುತ್ತಿತ್ತು. ಹಕ್ಕಿ ಏನೂ ಮಾಡುತ್ತಿರಲಿಲ್ಲ. ನಾನೂ ಏನೂ ಮಾಡುತ್ತಿರಲಿಲ್ಲ. ಮಗು ಹೋದ ಮೇಲೆ ನಾನು ಏನೂ ಮಾಡದೆ ಕೂತಿರಲು ಆದದ್ದು ಅಲ್ಲಿ ಮಾತ್ರ.

ಮರಿ ಹುಟ್ಟಿತು. ಬಿಳಿ ಅರಳೆಯ ಉಂಡೆ. ಒಂದು ದಿನ ಉರಿಬಿಸಿಲು. ಕಡಲ ಕಡೆಯಿಂದ ಗಾಳಿಯೂ ಇರಲಿಲ್ಲ. ಮರಿ ಬಾಯಿ ತೆರೆದು ತೇಕುತ್ತಿತ್ತು. ತಾಯಿ ಎದ್ದು ಬಿಸಿಲಿಗೆ ಬೆನ್ನು ಮಾಡಿ ನಿಂತಿತು. ರೆಕ್ಕೆಗಳನ್ನು ಅರ್ಧ ಬಿಚ್ಚಿ ಹಾಗೆಯೇ ಹಿಡಿಯಿತು. ಮರಿ ಆ ನೆರಳಿನೊಳಗೆ ಸರಿದು ತಲೆ ಇಟ್ಟಿತು. ಬಿಸಿಲು ಸರಿದಂತೆ ತಾಯಿಯೂ ಸ್ವಲ್ಪ ಸ್ವಲ್ಪವೇ ತಿರುಗಿ ನಿಲ್ಲುತ್ತಿತ್ತು. ತಾನೂ ಬಾಯಿ ತೆರೆದು ತೇಕುತ್ತಿತ್ತು, ರೆಕ್ಕೆ ಮಾತ್ರ ಮಡಚಲಿಲ್ಲ.

ನಾನು ಉಸಿರು ಹಿಡಿದು ಗುಂಡಿ ಒತ್ತಿದೆ.

ಆ ಮೇಲೆ ನನಗೆ ಆದದ್ದನ್ನು ಹೇಗೆ ಬರೆಯಲಿ? ಬೆಳಕು ಇಳಿದು ಬಂತು, ದೇವರು ಪ್ರತ್ಯಕ್ಷವಾದ ಎಂದೆಲ್ಲ ಬರೆದರೆ ಅದು ಸುಳ್ಳು. ಸೌತೆಕಾಯಿಯ ವಾಸನೆ ಇತ್ತು, ಕಾಲಿನ ಮೇಲೆ ಇರುವೆ ಹರಿಯುತ್ತಿತ್ತು. ಆದರೆ ಪ್ರಶ್ನೆ ಇರಿಸಿದ ದಿನದಿಂದ ನನ್ನೊಳಗೆ ಕೂತಿದ್ದ ಮಾತೊಂದು ಎದ್ದು ಹೋಯಿತು. ನನ್ನ ಮಗುವನ್ನು ಯಾರೋ ಕೋಪದಿಂದ ಕಿತ್ತುಕೊಂಡರು ಎಂಬ ಮಾತು. ಎದುರಿಗೆ ಕಾಣುತ್ತಿದ್ದುದರಲ್ಲಿ ಕೋಪ ಎಲ್ಲೂ ಇರಲಿಲ್ಲ. ಬಿಸಿಲಿತ್ತು, ಮರಿಯಿತ್ತು, ನೆರಳು ಹಿಡಿದವಳು ಇದ್ದಳು. ನಾನೂ ಹಾಗೆಯೇ ಹಿಡಿದಿದ್ದೆ. ಅದರ ಮರಿ ಉಳಿಯಿತು, ನನ್ನದು ಉಳಿಯಲಿಲ್ಲ. ಅಳು ಬಂತು. ಆದರೆ ಆವತ್ತು ಅತ್ತದ್ದು ಮಗುವಿಗಾಗಿ ಮಾತ್ರ. ಅದುವರೆಗಿನ ಅಳುವಿನಲ್ಲಿ ಹೆದರಿಕೆಯ ಪಾಲೇ ಹೆಚ್ಚಿತ್ತು. ಇದಕ್ಕೆ ನೀವು ಯಾವ ಹೆಸರು ಬೇಕಾದರೂ ಇಡಿ. ನಾನು ದೇವರ ದರ್ಶನ ಎಂದೇ ಹೇಳುವವಳು.

ಸುರುಳಿ ಮುಗಿದ ಮೇಲೆ ಹಂಪನಕಟ್ಟೆಯ ಸ್ಟುಡಿಯೋಕ್ಕೆ ಕೊಂಡುಹೋದೆ. ಅಲ್ಲಿನ ಕ್ರಿಸ್ತಿಯನ್ ಯಜಮಾನರು, ನಮ್ಮ ಬಾಯಲ್ಲಿ ಪೊರ್ಬುಗಳು, ಊರಿನ ಎಲ್ಲ ಮದುಮಕ್ಕಳ, ಎಲ್ಲ ಹೆಣಗಳ ಫೋಟೋ ತೆಗೆದವರು. ತೊಳೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿ ತಲೆ ಕೆರೆದುಕೊಂಡರು. "ಬಾಯಿಯವರೇ, ಹಂಚು ತುಂಬ ಚಂದ ಬಂದಿದೆ. ಆದರೆ ಈ ಚುಕ್ಕೆ ಎಂತ? ಶಾಯಿ ಬಿದ್ದದ್ದಾ?"

"ಅದೇ ಹಕ್ಕಿ."

"ಓ, ಹಕ್ಕಿಯಾ? ನಾನು ನಾಳೆ ಫಿಲ್ಮ್ ತೊಳೆಯುವ ಹೊಸ ಔಷಧ ತರಿಸುವ ಅಂತ ಇದ್ದೆ ಮಾರಾಯ್ತಿ, ಹಳತು ಹಾಳಾಗಿದೆ ಅಂತ!"

ನಗುತ್ತಲೇ ಕೊನೆಯದನ್ನು ಎತ್ತಿಕೊಂಡವರು ನಗು ನಿಲ್ಲಿಸಿದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. "ಇದನ್ನು ದೊಡ್ಡದು ಮಾಡಿ ಕೊಡ್ತೇನೆ. ಮದರಾಸಿನಿಂದ ಕಾಗದ ಬರಬೇಕು, ಸ್ವಲ್ಪ ತಡ ಆದೀತು" ಎಂದರು. ಬಳಿಕ, "ಮನೆಯಲ್ಲಿ ಗೊತ್ತುಂಟಾ?" ಎಂದು ಕೇಳಿದರು. ನಾನು ಹೊಸ ಸುರುಳಿ ಕೊಡಿ ಎಂದೆ.

ಮನೆಯಲ್ಲಿ ಗೊತ್ತಾದದ್ದು ಮರ ಕಡಿಯುವವರು ಬಂದ ದಿನ. ಮಾವ ಮರವನ್ನು ಹಂಚಿನ ಕಾರ್ಖಾನೆಗೆ ಸೌದೆಗೆಂದು ಮಾತಾಡಿದ್ದರು. ಬೆಳಿಗ್ಗೆಯೇ ಕೊಡಲಿ, ಹಗ್ಗ ಹಿಡಿದು ಆಳುಗಳು ಬಂದು ಬುಡದಲ್ಲಿ ನಿಂತರು. ನಾನು ಅಟ್ಟದಲ್ಲಿದ್ದೆ. ಮರಿಗೆ ಆಗ ಕಂದು ಪುಕ್ಕ ಬಂದಿತ್ತು, ಇನ್ನೂ ಹಾರುತ್ತಿರಲಿಲ್ಲ. ಕೆಳಗಿನ ಮಾತು ಕೇಳಿ ನನಗೆ ಇಳಿದು ಓಡುವಷ್ಟು ವ್ಯವಧಾನ ಉಳಿಯಲಿಲ್ಲ. ಇನ್ನೆರಡು ಹಂಚು ತಳ್ಳಿ, ಸೊಂಟದವರೆಗೆ ಹಂಚಿನ ಮಾಡಿನಿಂದ ಹೊರಗೆ ಬಂದು ಕೂಗಿದೆ.

"ಮರ ಮುಟ್ಟಬೇಡಿ!"

ಮಾವ ಅತ್ತ ಇತ್ತ ನೋಡಿದರು. ಮಾಡಿನ ನಡುವೆ ಸೋದರಸೊಸೆಯ ತಲೆ ಮೊಳೆತಿರಬಹುದೆಂದು ಅವರಿಗೆ ಹೇಗೆ ತೋಚಬೇಕು? ಆಳುಗಳಲ್ಲೊಬ್ಬ ಬೆರಳು ತೋರಿಸಿದ.

"ಗಿರಿಜ! ಅಲ್ಲಿ ಎಂತ ಮಾಡ್ತಾ ಇದ್ದಿ? ಹಂಚು ಯಾರು ತೆಗೆದದ್ದು?"

"ನಾನು. ಮರಕ್ಕೆ ಕೊಡಲಿ ಹಾಕಿದರೆ ನಾನು ಇಲ್ಲಿಂದ ಇಳಿಯುವುದಿಲ್ಲ ಮಾವ."

"ಇಳಿ! ಹೆಂಗಸು ಮಾಡಿನ ಮೇಲೆ ಕೂತರೆ ಊರು ಎಂತ ಹೇಳ್ತದೆ?"

"ಊರು ಹೇಳಲಿ. ಕೊಡಲಿ ಎತ್ತಿದವರ ಫೋಟೋ ತೆಗೀತೇನೆ. ನಾಗಬನದ ಬಾಗಿಲಲ್ಲಿ ಮರ ಕಡಿದವರು ಯಾರು ಅಂತ ನಾಳೆ ಎಲ್ಲರೂ ನೋಡಲಿ."

ಇದು ದೊಡ್ಡ ಬೆದರಿಕೆ ಎಂದು ನಾನು ತಿಳಿದಿದ್ದೆ. ಕ್ಯಾಮೆರಾ ಎತ್ತಿದೆ. ಆಳುಗಳ ಮೇಸ್ತ್ರಿ ಮುಖ ಅರಳಿಸಿ, "ಒಂದು ಗಳಿಗೆ ಅಮ್ಮ" ಎಂದು ಮುಂಡಾಸು ಬಿಚ್ಚಿ ಸರಿಯಾಗಿ ಸುತ್ತಿಕೊಂಡ. ಉಳಿದವರು ಎತ್ತರದ ಪ್ರಕಾರ ಸಾಲಾಗಿ ನಿಂತರು. ಕೊಡಲಿಗಳನ್ನು ಹೆಗಲಿಗೆ ಒರಗಿಸಿದರು. ಒಬ್ಬ ಮಾವನನ್ನೂ ಕರೆದ: "ಧನಿಗಳು ನಡುವಿನಲ್ಲಿ ನಿಂತರೆ ಚಂದ ಅಲ್ವಾ?" ನಾನು ಏನು ಮಾಡಲಿ, ಒಂದು ಫೋಟೋ ತೆಗೆದೆ. ಬದುಕಿನಲ್ಲಿ ನಾನು ತೆಗೆದ ಎಲ್ಲ ಚಿತ್ರಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಬಂದದ್ದು ಅದು. ಮಾವ ಅದರಲ್ಲಿ ಓರೆಯಾಗಿ ನಿಂತು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಾರೆ.

ಗಲಾಟೆ ಕೇಳಿ ಅಮ್ಮ ಅಡಿಗೆಮನೆಯಿಂದ ಬಂದರು. ಅವರ ಕೈಯಲ್ಲಿ ಅರೆಯುತ್ತಿದ್ದ ಮಸಾಲೆ ಮೆತ್ತಿಕೊಂಡಿತ್ತು. ಮೇಲೆ ನನ್ನನ್ನು ನೋಡಿದರು, ಕೆಳಗೆ ಕೊಡಲಿಗಳನ್ನು ನೋಡಿದರು. ಅಮ್ಮ ಮಾವನ ಎದುರು ಧ್ವನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆವತ್ತೂ ಎತ್ತಲಿಲ್ಲ.

"ತಮ್ಮ, ಈ ಮನೆ ಯಾರ ಸಂತಾನದ್ದು?"

"ಅದೆಂತ ಕೇಳುವುದು ಅಕ್ಕ? ನಿನ್ನದು."

"ಈಗ ಸಂತಾನ ಹೋದದ್ದು ಯಾರದ್ದು?"

ಮಾವ 'ಗಿರಿಜಳದ್ದು' ಎಂದು ಮೆಲ್ಲಗೆ ಹೇಳಿದರು.

"ಹಾಗಾದರೆ ಆ ಮರದ ಮಾತು ಅವಳು ಹೇಳಲಿ."

ಎಲ್ಲರೂ ಮೇಲೆ ನೋಡಿದರು. ನಾನು ಹೇಳಿದೆ: "ಮರಿ ಹಾರುವ ತನಕ ಬೇಡ. ಆಮೇಲೂ ಬೇಡ."

ಮಾವ ಎಲೆಅಡಿಕೆ ಉಗುಳಿದರು. "ಮರಿ ಹಾರುವ ತನಕ" ಎಂದು ನನ್ನ ಮಾತಿನ ಅರ್ಧವನ್ನು ಮಾತ್ರ ಒಪ್ಪಿಕೊಂಡು ಆಳುಗಳನ್ನು ಕಳಿಸಿದರು. ಮಧ್ಯಾಹ್ನ ನನಗೆ ಯಾರೂ ಬೈಯಲಿಲ್ಲ. ಅಮ್ಮ ಊಟ ಬಡಿಸುತ್ತ, "ಮಾಡಿನ ಮೇಲೆ ಕೂರುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೋ" ಎಂದರು, ಅಷ್ಟೇ.

ಮರಿ ಶಿವರಾತ್ರಿ ಕಳೆದ ಮೇಲೆ ಹಾರಿತು. ಹಾರಿತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಗೂಡಿನ ಅಂಚಿನಲ್ಲಿ ದಿನವಿಡೀ ರೆಕ್ಕೆ ಬಡಿದು ಬಡಿದು, ಒಂದು ಗಾಳಿಗೆ ಕಾಲು ತಪ್ಪಿ ಕೆಳಗೆ ಹೋಯಿತು. ನಾನು ಕಿರುಚಿದೆ. ತೆಂಗಿನ ತಲೆಗಳ ಮಟ್ಟದಲ್ಲಿ ಅದರ ರೆಕ್ಕೆಗೆ ಗಾಳಿ ಸಿಕ್ಕಿತು. ಉರ್ವದ ಗದ್ದೆಗಳ ಮೇಲೆ ಓಲಾಡುತ್ತ, ಕಡಲ ಕಡೆಗೆ ಒಂದು ಸುತ್ತು ಹಾಕಿ ಮರಳಿ ಬಂದು, ಕೊಂಬೆ ಹಿಡಿಯಲು ಗೊತ್ತಾಗದೆ ಮುಗ್ಗರಿಸಿತು. ಅದರ ಫೋಟೋ ತೆಗೆದೆ. ಅದರಲ್ಲಿ ಆಕಾಶ ಮಾತ್ರ ಬಂದಿದೆ.

ಅದೇ ವಾರ ಪೊರ್ಬುಗಳು ದೊಡ್ಡದು ಮಾಡಿದ ಚಿತ್ರ ಕಳಿಸಿಕೊಟ್ಟರು. ಚಾವಡಿಯಲ್ಲಿ ಕೂತಿದ್ದ ಮಾವನ ಕೈಗೆ ಅದನ್ನು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡರು.

"ಎಂತ ಮಾಡ್ತಾ ಉಂಟು ಇದು? ರೆಕ್ಕೆ ಮುರಿದದ್ದಾ?"

"ಇಲ್ಲ. ಬಿಸಿಲಿಗೆ ಅಡ್ಡ ನಿಂತದ್ದು. ಕೆಳಗೆ ನೋಡಿ."

ನೋಡಿದರು. ಹೊಳೆಯ ಮೇಲೆ ಹಾರುವ ಬಾತನ್ನು ಆ ತುದಿಯಿಂದ ಗುರಿಯಿಡುತ್ತಿದ್ದ ಕಣ್ಣು ಅದು. ಮರಿಯನ್ನು ಕಾಣಲು ಅದಕ್ಕೆ ಬಹಳ ಹೊತ್ತು ಬೇಕಾಯಿತು, ಅಥವಾ ಕಂಡ ಮೇಲೆ ತಲೆ ಎತ್ತಲು ಹೊತ್ತು ಬೇಕಾಯಿತು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರಸಿದರು.

"ನಾನು ಎಂತ ಮಾಡಬೇಕಿತ್ತು ಹೇಳು ಗಿರಿಜ. ಮಗು ನನ್ನ ಹೆಗಲ ಮೇಲೆಯೇ ತಣ್ಣಗಾಯಿತು. ಕೈಯಲ್ಲಿ ಬೆಡಿ ಉಂಟು. ಯಾರಿಗೆ ಇಡುವುದು?"

ಮಾವನ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ನಾನು ಅವರ ಕಾಲ ಬಳಿ ಕೂತೆ. "ಯಾರಿಗೂ ಬೇಡ ಮಾವ" ಎಂದೆ.

ಅವರು ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದರು: "ಮರ ಇರಲಿ. ಆದರೆ ಶಾಂತಿಗೆ ಒಂದು ದಿನ ಕೂತುಕೋ. ಜೋಯಿಸರಿಗೆ ಮಾತು ಕೊಟ್ಟಾಗಿದೆ. ನಿನ್ನ ಗಂಡನಿಗೂ ಬರಲಿಕ್ಕೆ ಹೇಳಿದ್ದೇನೆ."

"ಇಲ್ಲ."

"ನಿನಗೆ ದೇವರ ಮೇಲೆ ನಂಬಿಕೆ ಇಲ್ಲವಾ?"

"ಉಂಟು. ಅದಕ್ಕೇ ಕೂರುವುದಿಲ್ಲ. ಅಲ್ಲಿ ಕೂತರೆ ನನ್ನ ಮಗುವನ್ನು ದೇವರು ಸಿಟ್ಟಿನಿಂದ ಕೊಂದದ್ದು ಅಂತ ಒಪ್ಪಿದ ಹಾಗೆ. ಅಂಥ ದೇವರನ್ನು ನಾನು ನೋಡಲಿಲ್ಲ ಮಾವ. ನೋಡಿದ್ದನ್ನು ನಿಮ್ಮ ಕೈಯಲ್ಲಿ ಕೊಟ್ಟಿದ್ದೇನೆ."

ಮಾವ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಳ ನೋಡುತ್ತ ಕೂತರು. ಒಪ್ಪಲಿಲ್ಲ. ಅವರೂ ನನ್ನ ಮಾವನೇ ತಾನೆ, ಹಟ ನನಗೆ ಬೇರೆ ಎಲ್ಲಿಂದ ಬರಬೇಕು?

ಶಾಂತಿ ನಡೆಯಿತು. ನಾಗನಿಗೆ ಹಾಲು, ಅರಸಿನ, ಅಡಿಕೆಯ ಹಿಂಗಾರ ಎಲ್ಲ ಬಂತು. ನಂಟರೆಲ್ಲ ಬಂದರು. ನಾನು ಬೆಳಿಗ್ಗೆ ಎದ್ದು ಮಿಂದು ಬನದ ಸುತ್ತ ಗುಡಿಸಿದೆ, ಹೂ ಕೊಯ್ದು ಕೊಟ್ಟೆ, ನಾಗನ ಕಲ್ಲಿಗೆ ಕೈಮುಗಿದೆ. ನಾಗನ ಮೇಲೆ ನನಗೆ ಯಾವ ಜಗಳವೂ ಇರಲಿಲ್ಲ, ಇವತ್ತೂ ಇಲ್ಲ. ದಂಪತಿ ಕೂರುವ ಮಣೆ ಹಾಕಿದ್ದನ್ನು ಕಂಡ ಮೇಲೆ ಮೆಲ್ಲಗೆ ಹಿಂದಿನ ಬಾಗಿಲಿಂದ ಬಂದು ಏಣಿ ಹತ್ತಿ ಅಟ್ಟದಲ್ಲಿ ನನ್ನ ಜಾಗದಲ್ಲಿ ಕೂತೆ.

ಕೆಳಗೆ ನನ್ನ ಹೆಸರು ಕರೆಯಲು ಶುರುವಾಯಿತು. ಮೊದಲು ಶಾಂತಿ ಮಾಡಿಸುವ ಭಟ್ಟರು, ಆಮೇಲೆ ಮಾವ. ಯಾರೋ ಹೆಂಗಸು, "ಹೆಣ್ಣಿಗೆ ಇಷ್ಟು ಹಟ ಒಳ್ಳೆಯದಲ್ಲ" ಎಂದಳು. ಕೇಳುವ ಹಾಗೆಯೇ ಹೇಳಿದಳು. ಏಣಿ ಕಿರುಗುಟ್ಟಿತು. ಇವರು. ಹಿಂದಿನ ದಿನವಷ್ಟೇ ಹಡಗಿನಿಂದ ಇಳಿದಿದ್ದರು. ಮಡಿಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು, ಸೌತೆಕಾಯಿಗಳಿಗೆ ತಲೆ ಬಡಿಸಿಕೊಳ್ಳುತ್ತ ಬಗ್ಗಿ ಬಂದರು. ಇವರು ಯಾರಿಗೂ ಎದುರು ಮಾತಾಡುವವರಲ್ಲ. ಮೆದು ಮನುಷ್ಯ. ಕರೆದುಕೊಂಡು ಹೋಗಲು ಕಳಿಸಿದ್ದಾರೆಂದು ತಿಳಿಯಿತು. ನಾನು ಏಳಲಿಲ್ಲ.

ಅವರು ನನ್ನ ಮುಖ ನೋಡಿದರು. ಹಂಚಿನ ಸಂದಿಯ ಬೆಳಕು ನೋಡಿದರು. ಮಡಿಪಂಚೆಯಲ್ಲೇ ಧೂಳಿನ ಮೇಲೆ ನನ್ನ ಪಕ್ಕದಲ್ಲಿ ಕೂತರು.

"ಎಲ್ಲಿ?" ಎಂದರು.

"ಆ ಕವಲಿನಲ್ಲಿ. ಈಗ ಇಲ್ಲ, ಕಡಲಿಗೆ ಹೋಗಿದೆ."

"ಬರ್ತದಾ?"

"ಬರ್ತದೆ. ಸ್ವಲ್ಪ ಕಾಯಬೇಕು."

ಸಂದಿ ಚಿಕ್ಕದು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಬೇಕಾಯಿತು. ಅವರ ಹಣೆಯ ಗಂಧ ನನ್ನ ಕೆನ್ನೆಗೆ ಮೆತ್ತಿತು. ಖಾಲಿ ಗೂಡು, ಅದರಾಚೆ ತೆಂಗು, ಅದರಾಚೆ ಬಿಸಿಲಿಗೆ ಹೊಳೆಯುವ ಕಡಲು. ಮಗು ಹೋದ ಮೇಲೆ ನಾವಿಬ್ಬರೂ ಒಂದೇ ಕಡೆ ನೋಡಿದ್ದು ಅದೇ ಮೊದಲು. ಕೆಳಗಿನಿಂದ ಮಾವನ ಧ್ವನಿ ಮತ್ತೆ ಬಂತು, ಈ ಸಲ ಇಬ್ಬರ ಹೆಸರನ್ನೂ ಸೇರಿಸಿ, ಮನೆ ನಡುಗುವ ಹಾಗೆ.

ನಾನು ಇವರ ಕಡೆ ತಿರುಗಿದೆ. ಅವರು ಸಂದಿಯಿಂದ ಕಣ್ಣು ತೆಗೆಯಲಿಲ್ಲ.

"ಕರೆಯಲಿ ಬಿಡು" ಎಂದರು.